ಒಂದೆಳೆ ಪಾಕ

ಊರಿನ ಹೆಸರಲ್ಲೂ ಮಧು,
ಚೀಟಿಯಲ್ಲಿ ಬರೆದ ಕಾಯಿಲೆಯಲ್ಲೂ ಮಧು.
ಮಧುಗಿರಿ ಆಸ್ಪತ್ರೆಯಲ್ಲಿ ನರ್ಸು ಖಮರುನ್ನೀಸಾ
ಇದಕ್ಕೆ ನಗಲಿಲ್ಲ.
"ಇನ್ನೂರ ಎಂಬತ್ತೆರಡು. ಅದೂ ಬರಿಹೊಟ್ಟೇಲಿ.
ಏನ್ ಕೆಲಸ ನಿಮ್ದು?"

ಪಾಕ ಹಿಡಿಯೋದು, ಅಂದೆ.

ಮೂವತ್ತೊಂದು ವರ್ಷ.
ಜಾಮೂನಿಗೆ ಅಂಟುಪಾಕ, ಲಾಡಿಗೆ ಒಂದೆಳೆ,
ಕಡಲೆಮಿಠಾಯಿಗೆ
ನೀರಿನ ಬಟ್ಟಲಿಗೆ ಬಿಟ್ಟರೆ ಟಣ್ಣೆನ್ನುವ ಗಟ್ಟಿಪಾಕ.
ಪ್ರತಿ ಸಲ ಒಂದು ತೊಟ್ಟು ನಾಲಿಗೆಗೆ.
ಅದು ತಿಂದ ಲೆಕ್ಕಕ್ಕೆ ಬರುತ್ತದೆಂದು
ಯಾರು ಎಣಿಸಿದ್ದರು?

ಅಪ್ಪನೂ ಇದೇ ಕೆಲಸ.
ಅವನ ಕಾಯಿಲೆ ಕಂಡುಹಿಡಿದದ್ದು ಡಾಕ್ಟರಲ್ಲ, ಇರುವೆ.
ಹಿತ್ತಲ ಗೋಡೆಯ ಬುಡದಲ್ಲಿ ಅವನು ಕೂತೆದ್ದ ಕಡೆ
ಬೆಳಗಾದರೆ ಕರೀ ಸಾಲು.
ಅವ್ವ ಅದರ ಮೇಲೆ ಒಲೆಬೂದಿ ಚೆಲ್ಲಿದಳು,
ಯಾರಿಗೂ ಹೇಳಲಿಲ್ಲ.
ಆಮೇಲೆ ಕಾಲಿನ ಒಂದು ಬೆರಳು.
ಆಮೇಲೆ ಪಾದ.

ಮನೆಗೆ ಬಂದು ಹೇಳಿದೆ.
ಸರ್ವಮಂಗಳ ಸಕ್ಕರೆ ಡಬ್ಬ ಎತ್ತಿಟ್ಟು
ಕಪ್ಪುಬೆಲ್ಲದ ಅಚ್ಚು ತಂದಳು.
"ಬೆಲ್ಲ ಏನೂ ಮಾಡಲ್ಲ, ನಮ್ಮಜ್ಜಿ ತೊಂಬತ್ತು ವರ್ಷ
ಬೆಲ್ಲದ ಕಾಫೀನೇ ಕುಡಿದಳು."
ತಿಂಗಳು ಕುಡಿದೆ. ಮತ್ತೆ ರಕ್ತ ಕೊಟ್ಟೆ.
ಖಮರುನ್ನೀಸಾ ಚೀಟಿ ನೋಡಿ ಅಂದಳು:
"ಬೆಲ್ಲ ಸಕ್ಕರೆಗೆ ಒಡಹುಟ್ಟಿದ ಅಣ್ಣ.
ಅವನು ಪ್ಯಾಂಟು, ಇವನು ಪಂಚೆ. ಅಷ್ಟೇ."
ಮತ್ತೆ ಜೇನು?
"ಅವನು ಚಿಕ್ಕಪ್ಪನ ಮಗ."

ಕೊರಟಗೆರೆಯಿಂದ ಭಾಮೈದ ಒಂದು ಕುಂಡ ತಂದ,
ಸಿಹಿಎಲೆಯ ಗಿಡ. ನೋಡಕ್ಕೆ ಕಾಮಕಸ್ತೂರಿ ಹಾಗೆ.
ಅಗಿದೆ. ಬಂತು ಸಿಹಿ,
ಬಂದಿದ್ದು ಹೋಗಲೇ ಇಲ್ಲ.
ಚಪ್ಪರ ಬಿಚ್ಚಿದರೂ ಹೊರಡದ ನೆಂಟನ ಹಾಗೆ
ಗಂಟಲ ಹಿಂದೆ ಕೂತು, ಕೊನೆಗೆ ಕಹಿ ಮಾತಾಡಿತು.
ಇರಲಿ ಅಂತ ಕುದಿಸಿ ನೋಡಿದೆ.
ಎಷ್ಟು ಕುದಿಸಿದರೂ ಎಳೆ ಬರಲಿಲ್ಲ,
ನೀರು ನೀರೇ.
ಸಿಹಿ ಇದೆ, ಮೈ ಇಲ್ಲ.
ಬೆರಳು ಎರಡನ್ನೂ ಒತ್ತಿ ಬಿಡಿಸಿ, ಒತ್ತಿ ಬಿಡಿಸಿ
ಒಬ್ಬನೇ ನಕ್ಕೆ.
ಟೀಗೆ ಆಗುತ್ತೆ, ಎರಡು ಎಲೆ ಸಾಕು,
ಆದರೆ ನನಗೇ ಬೇಡವೆನ್ನಿಸಿತು.

ಮೂರು ಚಮಚದಿಂದ ಎರಡು.
ದೀಪಾವಳಿಗೆ ಒಂದೂವರೆ, ಬೈದುಕೊಂಡು.
ಅರ್ಧ ಚಮಚದ ದಿನಗಳಲ್ಲಿ
ಮನೇಲಿ ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ.
ಆಮೇಲೆ ಒಂದು ಬೆಳಿಗ್ಗೆ
ಹಾಲಿಗೆ ಇಷ್ಟು ಸಿಹಿ ಯಾವಾಗ ಬಂತು ಅಂದೆ.
ಸರ್ವಮಂಗಳ ನನ್ನ ಬಿಟ್ಟು ಹಸುವಿನ ಕಡೆ ನೋಡಿದಳು.

ಮುದ್ದೆ ನುಂಗುವ ಜನ ನಾವು, ಅಗಿಯುವವರಲ್ಲ.
ಅವತ್ತು ಏನೋ ಯೋಚನೆಯಲ್ಲಿ ಅಗಿದೆ.
ರಾಗಿಯೊಳಗೆ ಎಲ್ಲೋ ದೂರದಲ್ಲಿ
ಯಾರೋ ಆಲೆಮನೆ ಹಚ್ಚಿದ ಹಾಗೆ.

ಮಿಡಿಗೇಶಿಯಲ್ಲಿ ಮದುವೆ.
ಲಾಡು ಸಣ್ಣದಾಗಿ ಕಟ್ಟೋಣ ಸ್ವಾಮಿ, ಅಂದೆ.
ಜನ ಏನಂತಾರೆ ಅಂದರು ಹೆಣ್ಣಿನ ಕಡೆಯವರು.
ಜನ ಏನೂ ಅನ್ನಲಿಲ್ಲ,
ಎಲೆಗೆ ಎರಡರ ಬದಲು ಮೂರು ಹಾಕಿಸಿಕೊಂಡರು.
ನನ್ನ ಬುದ್ಧಿವಂತಿಕೆಗೆ ಇಷ್ಟೇ ಬೆಲೆ.

ಅದಕ್ಕೆ ಮುಂಚೆ, ನಸುಕಿನಲ್ಲಿ,
ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡಿದೆ.
ಹೆಬ್ಬೆರಳು ತೋರುಬೆರಳು ಅಗಲಿಸಿದರೆ
ಬಲ್ಬಿನ ಬೆಳಕಿಗೆ ಒಂದೆಳೆ,
ಕೂದಲಷ್ಟು ಸಣ್ಣ, ಕಡಿಯಲಿಲ್ಲ.
ಇಳಿಸ್ರಪ್ಪ, ಅಂದೆ.
ಕೈ ಮಾತ್ರ ಮೂವತ್ತೊಂದು ವರ್ಷದ ದಾರಿ ಹಿಡಿದು
ಮೀಸೆಯ ತನಕ ಬಂದಿತ್ತು.
ಕರೆದುಕೊಂಡು ಹೋಗಿ ನಲ್ಲಿಗೆ ಹಿಡಿದೆ.

ಊಟದ ಹೊತ್ತಿಗೆ ನೋಡಿದರೆ
ನಲ್ಲಿಯ ಬುಡದಲ್ಲಿ ಇರುವೆ ಸಾಲು,
ಕೈ ತೊಳೆದ ನೀರಿಗೆ.
ಬೂದಿ ಚೆಲ್ಲಬೇಡವೆಂದು ಹುಡುಗರಿಗೆ ಹೇಳಿ
ದಾಟಿಕೊಂಡು ಬಂದೆ.