ಕೈಮಾತು

ವಾಲ್ಪರೈಸೊದ ಗುಡ್ಡಕ್ಕೆ ಆತುಕೊಂಡ ತಗಡಿನ ಇಗರ್ಜಿ.
ಕೆಳಗೆ ಬಂದರು, ಮೇಲೆ ಒಣಹಾಕಿದ ಬಟ್ಟೆ,
ನಡುವೆ ಕಿರುಗುಟ್ಟುತ್ತ ಏರಿಳಿಯುವ ಹಳಿಗಾಡಿ.
ಆ ಕಿರುಗು ಕೇಳದ ಹನ್ನೊಂದು ಮಂದಿ ಎಡಗಡೆಯ ಬೆಂಚಿನಲ್ಲಿ.
ಅವರ ಮುಂದೆ ಕರಿ ಅಂಗಿಯ ನಾನು.
ಕರಿಯ ಮೇಲೆ ಕೈ ಚೆನ್ನಾಗಿ ಕಾಣುತ್ತದೆ.
ಕಿವುಡಿಯ ಮಗಳು ನಾನು, ಅತ್ತರೆ ಅವ್ವ ಬರುವುದಿಲ್ಲವೆಂದು
ತೊಟ್ಟಿಲಲ್ಲೇ ಕೈ ಆಡಿಸಲು ಕಲಿತವಳು.

ಪಾದ್ರಿ ಅನ್ಸೆಲ್ಮೊ ಒಳ್ಳೆಯವರು, ಓದಿದವರು.
ಪುಟ ತಿರುಗಿಸಿ ಹೇಳುತ್ತಾರೆ: ಕೃಪೆ. ನೀತಿ. ವಿಮೋಚನೆ.
ನನಗಿರುವುದು ಹತ್ತು ಬೆರಳು, ಒಂದು ಮುಖ.
ಕೃಪೆಗೆ ಅಂಗೈ ಮೇಲಿಂದ ಇಳಿಸಿದೆ,
ಮಳೆ ಎಂದುಕೊಂಡು ಡೊಮಿಟಿಲಾ ಕಿಟಕಿಯತ್ತ ನೋಡಿದಳು.
ವಿಮೋಚನೆಗೆ ಮಣಿಕಟ್ಟು ಬಿಡಿಸಿದೆ,
ಪೊಲೀಸರು ಯಾರನ್ನು ಬಿಟ್ಟರೆಂದು ಕೇಳಿತು ಹಿಂದಿನ ಸಾಲು.

ಆಮೇಲೆ ಅವರೆಂದರು:
ಎಲ್ಲಕ್ಕೂ ಮೊದಲು ಇದ್ದದ್ದು ಮಾತು, ಆ ಮಾತೇ ದೇವರು.
ತುಟಿಯಿಂದ ಬೆರಳು ಹೊರಟಂತೆ ತೋರಿಸಿದೆ.

ಎದ್ದು ನಿಂತ ನೊಲ್ಬೆರ್ತೊ.
ಮೂವತ್ತು ವರ್ಷ ಮೀನುಪೇಟೆಯಲ್ಲಿ ಹಾವುಮೀನು ಸೀಳಿದ ಕೈ,
ಎಡ ಹೆಬ್ಬೆರಳು ಅರ್ಧ.
ಬಾಯಿಂದಲೇ ಬಂತೇ?
ಹಾಗಾದರೆ ನಮ್ಮ ಬಾಗಿಲು ತಟ್ಟಿ ತಟ್ಟಿ
ವಾಪಸು ಹೋಗಿರಬೇಕು ಪಾಪ.
ಗಾಳಿಯಲ್ಲಿ ತಟ್ಟಿ ತೋರಿಸಿದ. ಕಾದ. ಭುಜ ಹಾರಿಸಿದ.

ಏನಂತೆ? ಎಂದರು ಪಾದ್ರಿ. ಹೇಳಿದೆ.
ಕನ್ನಡಕ ತೆಗೆದು ಪೀಠದ ಮೇಲಿಟ್ಟು
ಮೂರು ಮೆಟ್ಟಿಲು ಇಳಿದು ಬಂದರು.
ಹೇಗೆ ಹೇಳಬೇಕಿತ್ತು? ಅವನನ್ನೇ ಕೇಳು.

ಕೈ ಅವನದು, ಬಾಯಿ ನನ್ನದು:

ಶಾಲೆಯಲ್ಲಿ ಕೈಕಟ್ಟು ಬಾಯ್ಮುಚ್ಚು ಅನ್ನುತ್ತಿದ್ದರು.
ನನಗೆ ಎರಡೂ ಒಂದೇ. ಕಟ್ಟಿದ್ದು ನಿಜವಾದ ದಾರದಲ್ಲಿ.
ಅಪ್ಪ ಬಂದರಿನ ಹಮಾಲಿ. ಕೈಮಾತು ಬಾರದು, ನಾಚಿಕೆ ಬೇರೆ.
ನನಗೆ ಹತ್ತಾದ ಚಳಿಗಾಲ, ಒಂದು ಸಂಜೆ,
ಓಣಿಯ ಮೆಟ್ಟಿಲಲ್ಲಿ ನನ್ನ ಪಕ್ಕ ಬಂದು ಕೂತ.
ನೆರೆಯವರೆಲ್ಲ ನೋಡುತ್ತಿದ್ದರು.
ಹೊಟ್ಟೆ ಮುಟ್ಟಿಕೊಂಡ. ಬೆರಳು ಗಂಟುಹಾಕಿದ, ಬಿಚ್ಚಿದ, ಮತ್ತೆ ಹಾಕಿದ.
ಹಸಿವಾ ಅನ್ನಲು ಹೋಗಿ
ಬಸುರಾ ಅಂದ.
ನಕ್ಕೆ ನಕ್ಕೆ, ಆಮೇಲೆ ಅತ್ತೆ.
ಯಾರ ಕೈ ನೋಡಿ ಕದ್ದು ಕಲಿತನೋ,
ಗೋದಾಮಿನ ಹಿಂದೆ ಎಷ್ಟು ದಿನ ಒಬ್ಬನೇ ತಿದ್ದಿಕೊಂಡನೋ.
ನನ್ನನ್ನು ತನ್ನ ಮಾತಿಗೆ ಹತ್ತಿಸಲಿಲ್ಲ.
ತಾನೇ ಇಳಿದು ಬಂದ, ತಪ್ಪುತಪ್ಪಾಗಿ.

ನಿಮ್ಮ ದೇವರು ಹಾಗೆ ಬಂದನೇ? ಅಷ್ಟು ಹೇಳಿ ಸಾಕು.

ಇದಕ್ಕೆ ಪಾದ್ರಿಯ ಬಳಿ ಒಂದು ಉದ್ದದ ಪದವಿತ್ತು, ಬಲ್ಲೆ.
ನುಂಗಿಕೊಂಡರು.
ಹೌದು, ಅಂತ ತಲೆಯಾಡಿಸಿದರು, ಬರೀ ತಲೆ.

ಯೇಸು ಅನ್ನಲು ನಮ್ಮಲ್ಲಿ
ನಡುಬೆರಳಿಂದ ಒಂದು ಅಂಗೈ ಮುಟ್ಟಬೇಕು, ಆಮೇಲೆ ಇನ್ನೊಂದು.
ಮೊಳೆಯ ಜಾಗ.
ಪಾದ್ರಿ ತೋರುಬೆರಳಿಂದ ಮುಟ್ಟಿದರು.
ಡೊಮಿಟಿಲಾ ಎದ್ದು ಬಂದು, ಹಿಟ್ಟು ನಾದುವವಳು ಅವಳು,
ಅವರ ಬೆರಳು ಹಿಡಿದು ಮಡಚಿ, ನಡುವಿನದನ್ನು ಎಳೆದು
ಇದು, ಅಂದಳು. ಇದು ನೋವಿನದು.

ಮುಂದಿನ ಭಾನುವಾರ ನೊಲ್ಬೆರ್ತೊ ಬರಲಿಲ್ಲ.
ಬಲೆಗೆ ಮೀನು ವಿಪರೀತ ಬಿದ್ದಿತ್ತಂತೆ.
ಪಾದ್ರಿ ಸಿಕ್ಕರು, ಬುಧವಾರ, ಹಳಿಗಾಡಿಯಲ್ಲಿ,
ನನ್ನನ್ನು ನೋಡಲಿಲ್ಲ.
ಗಾಜಿನತ್ತ ತಿರುಗಿ, ತೊಡೆಯ ಮರೆಯಲ್ಲಿ
ಬೆರಳು ಗಂಟುಹಾಕುತ್ತಿದ್ದರು, ಬಿಚ್ಚುತ್ತಿದ್ದರು,
ಮತ್ತೆ ಹಾಕುತ್ತಿದ್ದರು.