ಸೊನ್ನೆಯನೇ ತಟ್ಟೆ

ಹುಳು ಮೂರನೇ ಜ್ವರಕ್ಕೆ ಕೂತಿವೆ.
ಈ ಹೊತ್ತಲ್ಲಿ ಸೊಪ್ಪು ಹಾಕುವಂತಿಲ್ಲ,
ತಟ್ಟೆ ಅಲುಗಿಸುವಂತಿಲ್ಲ.
ಅದಕ್ಕೇ ಲ್ಯಾಪ್‌ಟಾಪು ತೆಗೆದೆ, ಹುಳುಮನೆಯ ಮೂಲೆಯಲ್ಲಿ
ಸುಣ್ಣದ ಚೀಲದ ಮೇಲೆ ಕೂತು.

ಚಿಂತಾಮಣಿ ಪಾಲಿಟೆಕ್ನಿಕ್ಕಿನಲ್ಲಿ ರಿಹಾನಾ ಮೇಡಂ
ಎರಡು ಜೊತೆ ಚೌಕ ಕಂಸ ಬರೆದು
"ಅರೇಗಳ ಅರೇ" ಅಂದು ಬೋರ್ಡು ಒರೆಸಿದ್ದರು.
ಶಿಡ್ಲಘಟ್ಟದ ಬಸ್ಸಿನ ಹೊತ್ತಾಗಿತ್ತು, ಅವರಿಗೂ.

ನಾನು ಬರೆದೆ: ಹನ್ನೆರಡು ಸ್ಟ್ಯಾಂಡು, ಒಂದೊಂದಕ್ಕೆ ಹತ್ತು ತಟ್ಟೆ.
ಒಂದೇ 'ನ್ಯೂ' ಕೂಗಿಗೆ
ನೂರಿಪ್ಪತ್ತು ಮನೆ ಎದ್ದು ನಿಂತವು, ಎಲ್ಲದರಲ್ಲೂ ಸೊನ್ನೆ.

ಪಿಳ್ಳಮ್ಮತ್ತೆ ಬಗ್ಗಿ ನೋಡಿದಳು, ಕೈಯಲ್ಲಿ ಬ್ಲೀಚಿಂಗ್ ವಾಸನೆ.
"ಇಷ್ಟು ತಟ್ಟೆ ಯಾರು ಕೇಳಿದ್ರು ನಿನ್ನ?
ಚಾಕಿ ಹುಳ ತಂದ ದಿನ ಎರಡೇ ಸಾಕಾಗಿತ್ತು.
ಮೊದಲು ಸ್ಟ್ಯಾಂಡು ನಿಲ್ಲಿಸು, ತಟ್ಟೆ ಆಮೇಲೆ.
ಯಾವುದಕ್ಕೆ ಎಷ್ಟು ಅಂತ ಹುಳಾನೇ ಹೇಳುತ್ತೆ."

ಅಳಿಸಿದೆ.
ಮೊದಲ ಕಂಸದಲ್ಲಿ ಹನ್ನೆರಡು, ಎರಡನೆಯದು ಬರಿದು.
ಹನ್ನೆರಡು ಸ್ಟ್ಯಾಂಡು ನಿಂತವು ತಟ್ಟೆಯಿಲ್ಲದೆ,
ಆಚೆ ಗೋಡೆ ಕಾಣುವಂತೆ.
ಆಮೇಲೆ ಲೂಪಿನೊಳಗೆ ಒಂದೊಂದಕ್ಕೆ ಒಂದೊಂದು ಅಳತೆ:
ಬಾಗಿಲ ಬಳಿ ಆರು, ಅಲ್ಲಿ ಗಾಳಿ ಹೆಚ್ಚು;
ನಡುವೆ ಹನ್ನೊಂದು;
ಕೊನೆಯದಕ್ಕೆ ಮೂರೇ, ಅದರ ಕಾಲು ಕುಂಟು,
ಇರುವೆಗೆಂದು ಇಟ್ಟ ನೀರಿನ ಬಟ್ಟಲೂ ಒಡೆದಿದೆ.
ಮುದುಕಿಯ ಹಲ್ಲಿನ ಹಾಗೆ ಏರುಪೇರು.
ತಪ್ಪಲ್ಲವಂತೆ. ಭಾಷೆ ಒಪ್ಪುತ್ತದೆ.

ಓಡಿಸಿದೆ. ಕೆಂಪು ಅಕ್ಷರ.
ಎಂಟರಲ್ಲಿ, ಇಲ್ಲದ ತಟ್ಟೆಗೆ ಕೈ ಹಾಕಿದ್ದೆ.

ಎಂಟು. ಅತ್ತೆಗೆ ಅದು ಒಂಬತ್ತು.
ಅವಳ ಎಣಿಕೆ ಒಂದರಿಂದ, ನನ್ನದು ಸೊನ್ನೆಯಿಂದ,
ನಮ್ಮಿಬ್ಬರಿಗೂ ಸದಾ ಒಂದು ಸ್ಟ್ಯಾಂಡಿನ ಜಗಳ.
ಹೋದ ಬೆಳೆಯಲ್ಲಿ ಹಾಲುತೊಂಡೆ ಹೊಕ್ಕಿದ್ದು ಅಲ್ಲಿಗೇ.
ಹುಳು ಊದಿ, ಚರ್ಮ ಒಡೆದು, ಬಿಳಿ ನೀರು ತೊಟ್ಟಿಕ್ಕಿ,
ಎಲ್ಲವನ್ನೂ ಗುಂಡಿಗೆ ಸುರಿದು ಸುಣ್ಣ ಮುಚ್ಚಿದೆವು.
ಸುಟ್ಟುಬಿಡು ಅಂದಿದ್ದ ಮಾವ.
ಅತ್ತೆ ತಟ್ಟೆಗಳನ್ನು ಉಜ್ಜಿ ಉಜ್ಜಿ ಬಿಸಿಲಿಗಿಟ್ಟಳು.

"ಅದಕ್ಕೇನು ಬರೀಲಿ? ಇಲ್ಲ ಅಂತ ಬಿಡಲಾ?"

ಗೋಡೆಗೆ ಒರಗಿದ್ದ ತಟ್ಟೆಯೊಂದನ್ನು ತಂದು
ಸದ್ದಾಗದಂತೆ ಒಳಗೆ ಜಾರಿಸಿದಳು.
"ಇಲ್ಲ ಅನ್ನೋದು ಬೇರೆ, ಸೊನ್ನೆ ಅನ್ನೋದು ಬೇರೆ ಕಣೇ.
ತಟ್ಟೆ ಇಡು. ಒಳಗೆ ಸೊನ್ನೆ ಬರಿ."

ಇಟ್ಟೆ. ಓಡಿತು.

ಒಂದು ಮಾತು ಅತ್ತೆಗೆ ಹೇಳಲಿಲ್ಲ:
ಒಮ್ಮೆ ಕಟ್ಟಿದ ಸಾಲು ಬೆಳೆಯುವುದಿಲ್ಲ ಇಲ್ಲಿ.
ಜಾಗ ಸಾಲದಾದರೆ ದೊಡ್ಡದೊಂದು ಹೊಸದಾಗಿ ಕಟ್ಟಿ,
ಇದ್ದವರನ್ನೆಲ್ಲ ಸಾಗಿಸಿ, ಹಳೆಯದನ್ನು ಕೈಬಿಡಬೇಕು.
ಬಿಟ್ಟದ್ದನ್ನು ತಾನೇ ಗುಡಿಸಿಕೊಳ್ಳುತ್ತದಂತೆ ಯಂತ್ರ.

ನಾಲ್ಕು ಗಂಟೆಗೆ, ಐದರಲ್ಲೋ ಆರರಲ್ಲೋ,
ತಲೆಯೆತ್ತಿ ಕೂತಿದ್ದ ಒಂದು ಹುಳು
ಹಳೇ ಚರ್ಮದೊಳಗಿಂದ ಮುಂದಕ್ಕೆ ಜರುಗಿತು.
ಅತ್ತೆ ಆಗಲೇ ಸೊಪ್ಪು ಕತ್ತರಿಸಲು
ಕತ್ತಿ ಹುಡುಕುತ್ತಿದ್ದಳು.