ಏಳೆಂದರೆ ಐದು

ಕೋಡಿಬಾಗದ ಆಕ್ಷೇಪಣೆ ಸಭೆ.
ಎಂಜಿನಿಯರು ನಕ್ಷೆ ಬಿಡಿಸಿ ಹೇಳಿದರು:
ಕೆಳಗೆ ಕಾರು ನಿಲ್ಲುವುದು ಮಹಡಿಯಲ್ಲ,
ಮೇಲೆ ನೀರಿನ ಟಾಕಿ, ಅದೂ ಲೆಕ್ಕಕ್ಕಿಲ್ಲ,
ಹಾಗಾಗಿ ಏಳೆಂದರೆ ಐದು.

ಶೇವಂತಿ ಹರಿಕಂತ್ರ ಎದ್ದಳು.
ಕೊಟ್ಟೆಯಿಂದ ಎರಡು ಬಂಗುಡೆ ತೆಗೆದು
ನಕ್ಷೆಯ ಮೇಲಿಟ್ಟಳು.
"ಇದು ಮಾಜಾಳಿಯ ತಂಗೀದು, ಮೂರು ಬಿಸಿಲಿಗೆ ಒಣಗಿದ್ದು.
ಇದು ನಂದು. ಆರು ದಿನ ಆಯ್ತು.
ಮೂರು ಗಂಟೆಗೇ ನಿಮ್ಮ ಕಟ್ಟಡ
ಬಂದು ಮೀನಿನ ಮೇಲೆ ಮಲಗ್ತದೆ.
ಮುಟ್ಟಿ ನೋಡಿ."

ಯಾರೂ ಮುಟ್ಟಲಿಲ್ಲ.
ಸಾಹೇಬರು ಕಿಟಕಿ ತೆಗೆಸಿದರು.
ಗುಮಾಸ್ತ ಬರೆದುಕೊಂಡ: ದೂರು, ವಾಸನೆ ಬಗ್ಗೆ.
ಬಾಲ್ಕನಿಗೆ ಕಡಲು ಕಾಣದೆಂದು
ಅರ್ಜಿ ಕೊಟ್ಟಿದ್ದ ನಾನೂ
ಮೂಗಿಗೆ ಕರವಸ್ತ್ರ ಹಿಡಿದಿದ್ದೆ.

ನಕ್ಷೆ ಮಡಚುವಾಗ ಕಂಡಿತು,
ಆರನೇ ಮಹಡಿ ತುಂಬ ಜಿಡ್ಡು.